ಹೆಸರು ಬಿಟ್ಟು ಊರು ಹಿಡಿಯುವ ಹುಡುಕಾಟ

ನ್ಯೂಯಾರ್ಕ್, ಬಾಸ್ಟನ್ ಕಡೆಯ ಹಳೆಯ ಕ್ಯಾಥೊಲಿಕ್ ಸ್ಮಶಾನಗಳಲ್ಲಿ ಸತ್ತವರ ಹೆಸರಿನ ಕೆಳಗೆ ಒಂದು ಸಾಲು ಮತ್ತೆ ಮತ್ತೆ ಕಾಣಸಿಗುತ್ತದೆ. ಇವರು ಐರ್ಲೆಂಡಿನ ಇಂಥ ಕೌಂಟಿಯವರು, ಅಷ್ಟೇ. ನಮ್ಮ ಜಿಲ್ಲೆಯ ಹಾಗೆ ಅಲ್ಲಿ ಕೌಂಟಿ. ಯಾವ ಊರು, ಯಾರ ಮನೆ ಎಂಬ ವಿವರ ಇರುವುದು ಅಪರೂಪ. ಹಸಿವಿನಿಂದ ಹಡಗು ಹತ್ತಿದವರ ಮರಿಮಕ್ಕಳು ಇವತ್ತು ಮೂಲ ಹುಡುಕಲು ಹೊರಟರೆ ಕೈಯಲ್ಲಿರುವುದು ಬಹಳ ಸಲ ಆ ಒಂದೇ ಸಾಲು.

ಆ ಸಾಲಿನಲ್ಲಿ ಲೀಟ್ರಿಮ್ ಎಂದಿದ್ದರೆ ಕೆಲಸ ಇನ್ನೂ ಕಷ್ಟ. ಐರ್ಲೆಂಡಿನ ವಾಯವ್ಯಕ್ಕಿರುವ ಲೀಟ್ರಿಮ್ ಆ ದೇಶದಲ್ಲೇ ಅತಿ ಕಡಿಮೆ ಜನರಿರುವ ಕೌಂಟಿ. ನಡುವೆ ಆಲೆನ್ ಸರೋವರ, ಸುತ್ತ ಸಣ್ಣ ಸಣ್ಣ ದಿಬ್ಬಗಳು, ನೀರು ಇಂಗದ ಜಿಗುಟು ಮಣ್ಣು. ಅಂಥ ನೆಲದಲ್ಲಿ 1841ರ ಜನಗಣತಿ ಲೆಕ್ಕ ಹಾಕಿದ್ದು 1,55,297 ಜನರನ್ನು. ಆಲೂಗಡ್ಡೆಗೆ ರೋಗ ಬಿದ್ದು ಬರಗಾಲ ಬಂದು ಹೋದ ಮೇಲೆ, 1851ರಲ್ಲಿ ಉಳಿದವರು 1,11,897. ವಲಸೆ ಅಲ್ಲಿಗೂ ನಿಲ್ಲಲಿಲ್ಲ. 1996ರ ಹೊತ್ತಿಗೆ ಇಡೀ ಕೌಂಟಿಯಲ್ಲಿ ಇದ್ದವರು ಇಪ್ಪತ್ತೈದು ಸಾವಿರದಷ್ಟು. ಆಮೇಲೆ ಸ್ವಲ್ಪ ಚೇತರಿಸಿಕೊಂಡು 2022ರಲ್ಲಿ ಮೂವತ್ತೈದು ಸಾವಿರ ದಾಟಿದೆ. ಲೀಟ್ರಿಮ್‌ನ ಮನೆತನಗಳನ್ನು ಹುಡುಕುವವರಲ್ಲಿ ಬಹುಪಾಲು ಜನ ಲೀಟ್ರಿಮ್‌ನ ಹೊರಗಿರುವುದು ಇದರಿಂದಲೇ.

ಹೊಸದಾಗಿ ಹುಡುಕಲು ಕೂತವರು ಮೊದಲು ಮಾಡುವ ಕೆಲಸ ಮುತ್ತಾತನ ಹೆಸರನ್ನು ಕಂಪ್ಯೂಟರಿಗೆ ಕೊಟ್ಟು ನೋಡುವುದು. ಇಲ್ಲಿ ಅದು ದಾರಿ ತಪ್ಪಿಸುತ್ತದೆ. ಐರಿಶ್ ಹಳ್ಳಿಗಳಲ್ಲಿ ಹೆಸರಿಡಲು ಒಂದು ರೂಢಿ ಇತ್ತು. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು. ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರು, ಎರಡನೆಯವಳಿಗೆ ತಂದೆಯ ತಾಯಿಯ ಹೆಸರು. ಪ್ಯಾಟ್ರಿಕ್ ಎಂಬ ಅಜ್ಜನಿಗೆ ನಾಲ್ವರು ಗಂಡುಮಕ್ಕಳಿದ್ದರೆ ನಾಲ್ಕೂ ಮನೆಯಲ್ಲಿ ಒಬ್ಬೊಬ್ಬ ಪ್ಯಾಟ್ರಿಕ್. ಒಂದೇ ಅಡ್ಡಹೆಸರು, ಹೆಚ್ಚುಕಡಿಮೆ ಒಂದೇ ವಯಸ್ಸು, ಅಕ್ಕಪಕ್ಕದ ಹೊಲ. ಊರಿನವರು ಅವರನ್ನು ತಂದೆಯ ಹೆಸರು ಸೇರಿಸಿ ಕರೆದೋ, ಕೂದಲಿನ ಬಣ್ಣ ಹಿಡಿದು ಕರೆದೋ ಬೇರೆ ಬೇರೆ ಗುರುತಿಸುತ್ತಿದ್ದರು. ಆ ಕರೆಯುವ ಹೆಸರು ಸರ್ಕಾರಿ ಕಾಗದಕ್ಕೆ ಹತ್ತುತ್ತಿದ್ದುದು ಅಪರೂಪ. ಅಡ್ಡಹೆಸರೂ ಒಂದೇ ರೂಪದಲ್ಲಿ ನಿಲ್ಲುತ್ತಿರಲಿಲ್ಲ. ಲೀಟ್ರಿಮ್‌ನ ಹಳೆಯ ಮ್ಯಾಕ್ ರಾನಲ್ ಮನೆತನದವರೇ ಇಂಗ್ಲಿಷ್ ದಾಖಲೆಗಳಲ್ಲಿ ರೆನಾಲ್ಡ್ಸ್ ಆದರು. ಪಾದ್ರಿಗಳು ಲ್ಯಾಟಿನ್‌ನಲ್ಲಿ ಬರೆಯುವಾಗ ಜೇಮ್ಸ್ ಎಂಬವನು ಜಾಕೋಬಸ್ ಆಗುತ್ತಿದ್ದ. ಊರಲ್ಲಿ ಬ್ರಿಜೆಟ್ ಆಗಿದ್ದ ಹುಡುಗಿ ಅಮೆರಿಕದಲ್ಲಿ ಡೀಲಿಯಾ ಆಗುತ್ತಿದ್ದಳು.

ಹಾಗಾದರೆ ಹಿಡಿಯಬೇಕಾದದ್ದು ಯಾವುದನ್ನು? ಊರನ್ನು. ಐರ್ಲೆಂಡಿನಲ್ಲಿ ಊರು ಎನ್ನಬಹುದಾದ ಅತಿ ಸಣ್ಣ ಘಟಕಕ್ಕೆ ಟೌನ್‌ಲ್ಯಾಂಡ್ ಎನ್ನುತ್ತಾರೆ. ಅದು ಪೇಟೆಯಲ್ಲ, ಕೆಲವು ಹೊಲ, ಬೆರಳೆಣಿಕೆಯ ಮನೆ, ಒಂದು ಹೆಸರು. ಇಡೀ ದ್ವೀಪದಲ್ಲಿ ಇವು 60,000ಕ್ಕೂ ಹೆಚ್ಚು, ಲೀಟ್ರಿಮ್ ಒಂದರಲ್ಲೇ ಸುಮಾರು ಒಂದೂವರೆ ಸಾವಿರ. 1830ರ ದಶಕದಲ್ಲಿ ಸರ್ಕಾರಿ ಸರ್ವೇ ಇಲಾಖೆ ಮೈಲಿಗೆ ಆರು ಅಂಗುಲದ ಅಳತೆಯಲ್ಲಿ ಇವನ್ನೆಲ್ಲ ನಕ್ಷೆಗೆ ತಂದಿತು. ಜಾನ್ ಓಡೊನವನ್ ಎಂಬ ವಿದ್ವಾಂಸರು ಊರೂರು ತಿರುಗಿ, ಹಿರಿಯರ ಬಾಯಿಂದ ಹೆಸರು ಕೇಳಿ, ಯಾವ ರೂಪ ಸರಿ ಎಂದು ತೀರ್ಮಾನಿಸಲು ನೆರವಾದರು. ಟೌನ್‌ಲ್ಯಾಂಡ್ ಗೊತ್ತಾದ ಮೇಲೆ ನಾಲ್ವರು ಪ್ಯಾಟ್ರಿಕ್‌ಗಳಲ್ಲಿ ನಮ್ಮವನಾರು ಎಂಬ ಪ್ರಶ್ನೆಯನ್ನು ಬಿಡಿಸಬಹುದು. ಗೊತ್ತಾಗುವ ಮೊದಲು ಮಾಡಿದ್ದೆಲ್ಲ ಊಹೆ.

ಟೌನ್‌ಲ್ಯಾಂಡಿನ ಹೆಸರು ಹಲವು ಸಲ ಸಿಗುವುದು ಕಡಲಿನಾಚೆ, ಅಮೆರಿಕದ ಬದಿಯಲ್ಲಿ. ಬಾಸ್ಟನ್ನಿನ ‘ಪೈಲಟ್’ ಪತ್ರಿಕೆ 1831ರಿಂದ 1921ರವರೆಗೆ ಕಾಣೆಯಾದ ಬಂಧುಗಳನ್ನು ಹುಡುಕುವ ಜಾಹೀರಾತು ಹಾಕುತ್ತಿತ್ತು. ಅಣ್ಣ ಎಲ್ಲಿದ್ದಾನೋ ತಿಳಿಯದ ತಂಗಿ, ಅವನು ಹುಟ್ಟಿದ ಊರು, ಹಡಗು ಹತ್ತಿದ ವರ್ಷ, ಕೊನೆಗೆ ಕೆಲಸಕ್ಕಿದ್ದ ರೈಲುದಾರಿಯ ಜಾಗ ಎಲ್ಲವನ್ನೂ ಬರೆಸುತ್ತಿದ್ದಳು. ನ್ಯೂಯಾರ್ಕಿನಲ್ಲಿ 1850ರಲ್ಲಿ ಶುರುವಾದ ಎಮಿಗ್ರಂಟ್ ಉಳಿತಾಯ ಬ್ಯಾಂಕಿನ ಪುಸ್ತಕಗಳೂ ಹೀಗೆಯೇ. ಓದು ಬರಹ ಬಾರದ ಗ್ರಾಹಕ ಮುಂದೆ ಹಣ ಕೇಳಲು ಬಂದಾಗ ಇವನೇ ಅವನು ಎಂದು ಖಚಿತವಾಗಬೇಕಲ್ಲ. ಅದಕ್ಕೆಂದು ಹುಟ್ಟೂರು, ತಂದೆ ತಾಯಿ, ಒಡಹುಟ್ಟಿದವರು, ಬಂದ ಹಡಗು ಎಲ್ಲವನ್ನೂ ಗುಮಾಸ್ತರು ಕೇಳಿ ಬರೆದುಕೊಂಡರು. ಬ್ಯಾಂಕಿನ ಆ ಎಚ್ಚರಿಕೆಯಿಂದ ಎಷ್ಟೋ ಮನೆತನಗಳಿಗೆ ಊರು ಸಿಕ್ಕಿದೆ.

ಇನ್ನು ಐರ್ಲೆಂಡಿನ ಒಳಗಿನ ದಾಖಲೆಗಳ ಸಂಗತಿ. ಇದು ನೋವಿನ ಕಥೆ. 1922ರ ಜೂನ್ 30ರಂದು, ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ನ್ಯಾಯಾಲಯದ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಕಚೇರಿ ಸ್ಫೋಟಕ್ಕೂ ಬೆಂಕಿಗೂ ಸಿಕ್ಕಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳಲ್ಲಿ ಚೂರುಪಾರು ಬಿಟ್ಟು ಉಳಿದದ್ದೆಲ್ಲ ಸುಟ್ಟುಹೋಯಿತು. ಉಯಿಲುಗಳು, ಪ್ರೊಟೆಸ್ಟಂಟ್ ಚರ್ಚಿನ ಅರ್ಧಕ್ಕೂ ಹೆಚ್ಚು ರಿಜಿಸ್ಟರುಗಳು ಹೋದವು. ನಂತರದ ನಾಲ್ಕು ಗಣತಿಗಳನ್ನು ಬೆಂಕಿಗೂ ಮೊದಲೇ ಸರ್ಕಾರವೇ ನಾಶ ಮಾಡಿತ್ತು. 1861, 1871ರವು ಬೇಡವೆಂದು ಹೋದವು, 1881, 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ಅಭಾವಕ್ಕೆ ತಿರುಳಾದವು. ಒಂದು ಬಡ ನಾಡಿನ ನೆನಪನ್ನು ಕಾಯಬೇಕಾದವರೇ ಹೀಗೆ ಮಾಡಿದ್ದನ್ನು ಎಷ್ಟು ಸಲ ಓದಿದರೂ ಹೊಟ್ಟೆ ಉರಿಯುತ್ತದೆ. ಕ್ಯಾಥೊಲಿಕ್ ಚರ್ಚಿನ ರಿಜಿಸ್ಟರುಗಳು ಆಯಾ ಊರಿನ ಪಾದ್ರಿಗಳ ಬಳಿಯೇ ಇದ್ದುದರಿಂದ ಉಳಿದವು. ರಾಷ್ಟ್ರೀಯ ಗ್ರಂಥಾಲಯ ಅವುಗಳ ಚಿತ್ರಗಳನ್ನು 2015ರಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು.

ಸುಟ್ಟ ಗಣತಿಗಳ ಒಂದಷ್ಟು ನಕಲುಗಳು ಉಳಿದದ್ದು ಮುದುಕರ ಪಿಂಚಣಿಯ ದೆಸೆಯಿಂದ. 1908ರ ಕಾಯಿದೆಯಂತೆ ಎಪ್ಪತ್ತು ತುಂಬಿದ ಬಡವರಿಗೆ ವಾರಕ್ಕೆ ಐದು ಶಿಲಿಂಗ್ ಸಿಗುವುದು 1909ರ ಜನವರಿಯಲ್ಲಿ ಶುರುವಾಯಿತು. ಐರ್ಲೆಂಡಿನಲ್ಲಿ ಎಲ್ಲರ ಜನನ ನೋಂದಣಿ ಆರಂಭವಾದದ್ದೇ 1864ರಲ್ಲಿ. ಹಾಗಾಗಿ ಯಾವ ಮುದುಕರ ಬಳಿಯೂ ಜನನ ಪತ್ರ ಇರಲಿಲ್ಲ. 1839ರ ಜನವರಿ 6ರ ರಾತ್ರಿ ಬೀಸಿದ ಮಹಾ ಬಿರುಗಾಳಿ ನೆನಪಿದೆಯೇ ಎಂದು ಕೇಳಿ ವಯಸ್ಸು ಅಂದಾಜು ಮಾಡಿದ್ದೂ ಉಂಟು. ಪುರಾವೆ ಬೇಕೆಂದವರು ದಾಖಲೆ ಕಚೇರಿಗೆ ಅರ್ಜಿ ಹಾಕುತ್ತಿದ್ದರು. ಗುಮಾಸ್ತರು 1841, 1851ರ ಗಣತಿಯಲ್ಲಿ ಆ ಮನೆಯನ್ನು ಹುಡುಕಿ, ಕಂಡದ್ದನ್ನು ನಮೂನೆಯಲ್ಲಿ ನಕಲು ಮಾಡುತ್ತಿದ್ದರು. ಮೂಲ ಪುಸ್ತಕ ಬೂದಿಯಾಯಿತು, ಆ ನಮೂನೆಗಳು ಇವೆ. ಎಪ್ಪತ್ತರ ಅಜ್ಜಿಯೊಬ್ಬಳ ಅರ್ಜಿಯಿಂದ ಬರಗಾಲಕ್ಕೆ ಮುಂಚಿನ ಒಂದು ಇಡೀ ಮನೆ, ತಂದೆ ತಾಯಿ ಮಕ್ಕಳ ಸಮೇತ, ಮತ್ತೆ ಸಿಗುತ್ತದೆ.

ಪೂರ್ತಿಯಾಗಿ ಉಳಿದ ಹಳೆಯ ಗಣತಿಗಳೆಂದರೆ 1901 ಮತ್ತು 1911ರವು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ 1901ರಲ್ಲಿ 55 ಎಂದಿದ್ದ ಕೆಲವರು 1911ರಲ್ಲಿ 70 ಆಗಿರುತ್ತಾರೆ. ನಡುವೆ ಬಂದದ್ದು ಪಿಂಚಣಿ. ಹೀಗಾಗಿ ವಯಸ್ಸಿನ ಲೆಕ್ಕದಲ್ಲಿ ಹತ್ತು ವರ್ಷ ಆಚೀಚೆ ನೋಡುವುದು ಇಲ್ಲಿನ ಮೊದಲ ಪಾಠ. 1911ರ ನಮೂನೆಯನ್ನು ಮನೆಯ ಯಜಮಾನನೇ ತುಂಬಬೇಕಿತ್ತು. ಬರೆಯಲು ಬಾರದವರು ಗುರುತು ಹಾಕುತ್ತಿದ್ದರು. ಯಾರು ಓದಬಲ್ಲರು, ಯಾರು ಐರಿಶ್ ಮಾತಾಡುತ್ತಾರೆ ಎಂಬ ಕಾಲಂಗಳಿವೆ. ಮದುವೆಯಾದ ಹೆಂಗಸಿಗೆ ಮೂರು ಪ್ರಶ್ನೆ: ಮದುವೆಯಾಗಿ ಎಷ್ಟು ವರ್ಷ, ಜೀವಂತ ಹುಟ್ಟಿದ ಮಕ್ಕಳೆಷ್ಟು, ಈಗ ಬದುಕಿರುವವರೆಷ್ಟು. ಹನ್ನೊಂದು, ಏಳು ಎಂದು ಬರೆದ ಸಾಲಿನ ಮುಂದೆ ಯಾರಾದರೂ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕಾಗುತ್ತದೆ. ಸಂಶೋಧಕರಿಗೆ ಅದು ಕೆಲಸವನ್ನೂ ಕೊಡುತ್ತದೆ. ಮನೆಯಲ್ಲಿ ಇಬ್ಬರು ಮಕ್ಕಳ ಹೆಸರಷ್ಟೇ ಇದ್ದರೆ ಉಳಿದ ಐವರು ಎಲ್ಲಿ ಹೋದರು? ಇನ್ನೊಂದು ನಮೂನೆಯಲ್ಲಿ ಗೋಡೆ ಎಂಥದು, ಸೂರು ಹುಲ್ಲಿನದೋ ಅಲ್ಲವೋ, ಎದುರಿಗೆ ಕಿಟಕಿ ಎಷ್ಟು ಎಂದು ಬರೆದಿರುತ್ತದೆ. ಮತ್ತೊಂದರಲ್ಲಿ ದನದ ಕೊಟ್ಟಿಗೆ, ಹಂದಿಗೂಡುಗಳ ಲೆಕ್ಕ.

ಅದಕ್ಕೂ ಹಿಂದೆ ಹೋಗಲು ರಿಚರ್ಡ್ ಗ್ರಿಫಿತ್ ನಡೆಸಿದ ಆಸ್ತಿ ಮೌಲ್ಯಮಾಪನವೇ ಆಸರೆ. 1847ರಿಂದ 1864ರವರೆಗೆ, ತೆರಿಗೆ ಹಾಕುವುದಕ್ಕಾಗಿ, ಯಾವ ಟೌನ್‌ಲ್ಯಾಂಡಿನಲ್ಲಿ ಯಾವ ಹೊಲಕ್ಕೆ ಯಾರು ಒಕ್ಕಲು, ಒಡೆಯ ಯಾರು ಎಂದು ಇದು ಪಟ್ಟಿ ಮಾಡಿತು. ಇಲ್ಲಿ ನೋಡಬೇಕಾದದ್ದು ಎದುರಿಗಿರುವ ಅಂಕಿ. ಹೊಲಕ್ಕೊಂದು ಸಂಖ್ಯೆ, ಆ ಹೊಲದ ಒಳಗಿನ ಮನೆಗಳಿಗೆ ಒಂದೊಂದು ಅಕ್ಷರ. ಒಂದೇ ಸಂಖ್ಯೆಯ ಕೆಳಗೆ ಎರಡು ಮೂರು ಅಕ್ಷರ ಬಂದರೆ, ಅವರು ಅಣ್ಣತಮ್ಮಂದಿರು ಇಲ್ಲವೇ ಅಳಿಯ ಮಾವಂದಿರು ಆಗಿರುವ ಸಂಭವವೂ ಉಂಟು. ನಂತರದ ವರ್ಷಗಳಲ್ಲಿ ಅಧಿಕಾರಿಗಳು ಒಕ್ಕಲು ಬದಲಾದಾಗಲೆಲ್ಲ ಹಳೆಯ ಹೆಸರು ಹೊಡೆದು, ಬೇರೆ ಬಣ್ಣದ ಶಾಯಿಯಲ್ಲಿ ಹೊಸ ಹೆಸರು ಬರೆದು ವರ್ಷ ಹಾಕಿದರು. ತಂದೆ ಸುಮಾರು ಯಾವಾಗ ತೀರಿಕೊಂಡ, ಹೊಲ ಯಾವ ಮಗನಿಗೆ ಬಂತು, ಯಾವ ಮನೆ ಪಾಳು ಬಿತ್ತು ಎಂಬುದು ಆ ಶಾಯಿಯ ಗೆರೆಗಳಲ್ಲಿ ತಿಳಿಯುತ್ತದೆ. ಹೆಂಗಸರ ಹೆಸರು ಮಾತ್ರ ಇಲ್ಲಿ ಕಡಿಮೆ, ಇದ್ದರೂ ಹೆಚ್ಚಾಗಿ ವಿಧವೆಯರದು. ಅವರನ್ನು ಹುಡುಕಬೇಕಾದದ್ದು ಚರ್ಚಿನ ದೀಕ್ಷಾಸ್ನಾನದ ಪುಟಗಳಲ್ಲಿ. ತಾಯಿಯ ತವರಿನ ಅಡ್ಡಹೆಸರು ಅಲ್ಲಿ ಸಿಗುತ್ತದೆ. ಮಗುವಿನ ಹೊಣೆ ಹೊತ್ತು ನಿಂತ ಇಬ್ಬರ ಹೆಸರೂ ಸಿಗುತ್ತದೆ. ಸಾಮಾನ್ಯವಾಗಿ ಅವರು ಸೋದರಮಾವ, ಚಿಕ್ಕಮ್ಮ, ಇಲ್ಲವೇ ಪಕ್ಕದ ಹೊಲದವರು.

ನೆರೆಹೊರೆಯವರನ್ನು ಹುಡುಕುವುದು ಈ ವಿದ್ಯೆಯ ತಿರುಳು. ಅಮೆರಿಕದ ವಂಶಾವಳಿ ತಜ್ಞೆ ಎಲಿಜಬೆತ್ ಶೋನ್ ಮಿಲ್ಸ್ ಇದನ್ನು ಒಂದು ಕ್ರಮವಾಗಿ ಕಲಿಸಿದರು. ಒಬ್ಬನ ಬಗ್ಗೆ ಕಾಗದ ಸಿಗದಿದ್ದರೆ ಅವನ ಗೆಳೆಯರು, ಜೊತೆ ಕೆಲಸದವರು, ನೆರೆಯವರ ಕಾಗದ ನೋಡಿ. ಲೀಟ್ರಿಮ್‌ಗೆ ಇದು ಚೆನ್ನಾಗಿ ಒಪ್ಪುತ್ತದೆ. ಮೊದಲು ಹೋದ ಅಕ್ಕ ದುಡ್ಡು ಕಳಿಸಿ ತಮ್ಮನನ್ನು ಕರೆಸಿಕೊಳ್ಳುತ್ತಿದ್ದಳು, ತಮ್ಮ ಪಕ್ಕದ ಮನೆಯ ಹುಡುಗನನ್ನು. ಒಂದೇ ಟೌನ್‌ಲ್ಯಾಂಡಿನವರು ಅಮೆರಿಕದ ಒಂದೇ ಬೀದಿಯಲ್ಲಿ ನೆಲೆಸಿದರು, ಒಬ್ಬರ ಮದುವೆಗೆ ಒಬ್ಬರು ಸಾಕ್ಷಿಯಾದರು. ನಿಮ್ಮ ಮುತ್ತಾತನ ಊರು ನಿಮ್ಮ ಕಾಗದಗಳಲ್ಲಿ ಸಿಗದೆ, ಅವನ ಮದುವೆಗೆ ಸಾಕ್ಷಿ ಹಾಕಿದವನ ಮರಿಮಗಳ ಮನೆಯ ಪೆಟ್ಟಿಗೆಯಲ್ಲಿ ಸಿಗಬಹುದು.

ಆದ್ದರಿಂದಲೇ ಇದು ಒಂಟಿಯಾಗಿ ಮಾಡುವ ಕೆಲಸವಲ್ಲ. ಲೀಟ್ರಿಮ್ ಬಗ್ಗೆ ಶ್ರದ್ಧೆಯಿಂದ ಕೆಲಸ ಮಾಡುವವರು ಒಂದು ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಊರುಗಳನ್ನು, ಆರಿಸಿಕೊಂಡು ಹಂಚಿಕೊಳ್ಳುತ್ತಾರೆ. ದೂರದಲ್ಲಿರುವವರು ಅಲ್ಲಿನ ಪತ್ರಿಕೆ, ಬ್ಯಾಂಕಿನ ಪುಸ್ತಕ, ಸಮಾಧಿ ಕಲ್ಲು ಓದಿ ಕಳಿಸುತ್ತಾರೆ. ಊರಲ್ಲಿರುವವರು ಪಾಚಿಗಟ್ಟಿದ ಕಲ್ಲುಗಳ ಬರಹವನ್ನು ಬಿಸಿಲು ಓರೆಯಾಗಿ ಬೀಳುವ ಹೊತ್ತು ನೋಡಿ ಓದುತ್ತಾರೆ, ಈ ಪಾಳು ಗೋಡೆ ಯಾರದ್ದು ಎಂದು ಹಿರಿಯರನ್ನು ಕೇಳುತ್ತಾರೆ. ಬ್ಯಾಲಿನಮೋರ್ ಪಟ್ಟಣದ ವಂಶಾವಳಿ ಕೇಂದ್ರ ಕೌಂಟಿಯ ಚರ್ಚು ದಾಖಲೆಗಳಿಗೆ ಸೂಚಿ ಮಾಡಿದೆ. 1937ರಿಂದ 39ರವರೆಗೆ ಐರ್ಲೆಂಡಿನ ಶಾಲಾ ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ ಬರೆದ ಜಾನಪದ ಸಂಗ್ರಹವೂ ಈಗ ಎಲ್ಲರಿಗೂ ತೆರೆದಿದೆ. ಬರಗಾಲದಲ್ಲಿ ಯಾವ ಮನೆ ಖಾಲಿಯಾಯಿತು ಎಂಬಂಥ ಮಾತು ಅದರಲ್ಲಿ ದೊರೆಯುತ್ತದೆ.

ಎತ್ತಿನ ಮೇಲೆ ಊರಿಗೆ ಬಂದು ಮನೆತನದ ಹಿರಿಯರ ಹೆಸರು ಒಪ್ಪಿಸುವ ಹೆಳವರನ್ನು ಬಲ್ಲ ನಮಗೆ, ಗೇಲಿಕ್ ಐರ್ಲೆಂಡಿನಲ್ಲೂ ವಂಶಾವಳಿ ಕಾಯುವುದನ್ನೇ ಕುಲವೃತ್ತಿ ಮಾಡಿಕೊಂಡ ಮನೆಗಳಿದ್ದವು ಎಂಬುದು ಅಚ್ಚರಿಯಾಗಲಾರದು. ಲೀಟ್ರಿಮ್‌ನ ಕ್ಯಾಸಲ್‌ಫೋರ್‌ನಲ್ಲಿದ್ದ ಓ ಡುಯಿಗೆನನ್ ಮನೆತನ ಅಂಥದು. 1632ರಿಂದ 1636ರ ನಡುವೆ ಐರ್ಲೆಂಡಿನ ಹಳೆಯ ಚರಿತ್ರೆಯನ್ನೆಲ್ಲ ಒಟ್ಟುಗೂಡಿಸಿ ಬರೆದ ‘ನಾಲ್ವರು ಗುರು’ಗಳಲ್ಲಿ ಒಬ್ಬರು ಈ ಮನೆಯವರು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಹೆಳವರು ಸಾಧಾರಣ ಒಕ್ಕಲು ಮನೆಯ ಪೀಳಿಗೆಯನ್ನೂ ಹೇಳುತ್ತಾರೆ. ಐರ್ಲೆಂಡಿನ ಆ ಪಂಡಿತರು ಬರೆದದ್ದು ಮುಖ್ಯವಾಗಿ ದೊರೆಗಳ, ಪಾಳೆಯಗಾರರ ವಂಶವನ್ನು. ಗೇಣಿದಾರನ ಮನೆಯ ಮರವನ್ನು ಯಾರೂ ಬರೆಯಲಿಲ್ಲ. ಆ ಬಾಕಿ ಕೆಲಸವನ್ನು ಈಗ ಸಂಬಳವಿಲ್ಲದೆ, ಪರಸ್ಪರ ಮುಖ ನೋಡದೆಯೂ ಮಾಡುತ್ತಿರುವವರು ಈ ಹವ್ಯಾಸಿ ಸಂಶೋಧಕರು. ನನ್ನ ಮಟ್ಟಿಗೆ ಇದು ಆ ನಾಲ್ವರು ಗುರುಗಳ ಕೆಲಸಕ್ಕಿಂತ ಕಡಿಮೆಯದಲ್ಲ.

ಒಂದು ಅಪಾಯವನ್ನು ಹೇಳಲೇಬೇಕು. ಒಬ್ಬರು ಹುಡುಕಿದ ವಂಶವೃಕ್ಷವನ್ನು ಇನ್ನೊಬ್ಬರು ಹಾಗೇ ನಕಲು ಮಾಡಿದರೆ ತಪ್ಪು ಪ್ಯಾಟ್ರಿಕ್ ನೂರು ಮನೆಗಳ ಅಜ್ಜನಾಗಿಬಿಡುತ್ತಾನೆ. ಡಿಎನ್‌ಎ ಪರೀಕ್ಷೆಯೂ ಇದಕ್ಕೆ ಪೂರ್ತಿ ಮದ್ದಲ್ಲ. ತಲೆಮಾರುಗಟ್ಟಲೆ ಸುತ್ತಲಿನ ಹಳ್ಳಿಗಳಲ್ಲೇ ಕೊಟ್ಟು ತಂದ ಮನೆಗಳು ಒಂದಕ್ಕಿಂತ ಹೆಚ್ಚು ದಾರಿಯಿಂದ ನಂಟರಾಗಿರುತ್ತವೆ. ರಕ್ತ ಹೊಂದಿತು ಎಂದಷ್ಟಕ್ಕೇ ಅಜ್ಜ ಯಾರೆಂದು ಗೊತ್ತಾಗುವುದಿಲ್ಲ. ಕಾಗದ, ಊರು, ನೆರೆ ಮೂರೂ ಒಪ್ಪಬೇಕು.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆತನದ ಪಟ್ಟಿ ಬರೆಯಲು ಕೂತಾಗ ಪ್ರತಿ ಹೆಸರಿನ ಪಕ್ಕದಲ್ಲಿ ಊರು, ಸರ್ವೆ ನಂಬರು ಗೊತ್ತಿದ್ದರೆ ಅದು, ಮತ್ತು ಈ ಮಾತು ಯಾರಿಂದ ಅಥವಾ ಯಾವ ಕಾಗದದಿಂದ ಬಂತು ಎಂಬುದನ್ನು ಬರೆದಿಡಿ. ಹೆಣ್ಣುಮಕ್ಕಳ ಹೆಸರನ್ನೂ ಅವರು ಹೋದ ಊರನ್ನೂ ಬಿಡಬೇಡಿ. ನಿಮ್ಮ ಮನೆಗೆ ಹೆಳವರು ಬರುವುದಿದ್ದರೆ ಅವರ ಒಪ್ಪಿಗೆ ಕೇಳಿ, ಸಲ್ಲಬೇಕಾದ ಸಂಭಾವನೆ ಕೊಟ್ಟು, ಅವರು ಹೇಳುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ದಾಯಾದಿಗಳಿಗೆಲ್ಲ ಒಂದೊಂದು ಪ್ರತಿ ಕಳಿಸಿ.