ಕಣ್ಣಳತೆಗೆ ಸಿಗದ ಮೂರು ಕಿಲೊ

ನುಗ್ಗೇಹಳ್ಳಿ ಸುತ್ತಿನ ರೈತರಿಗೆ ತಕ್ಕಡಿ ಹೊಸದಲ್ಲ. ಕೊಬ್ಬರಿ ತಿಪಟೂರು ಮಾರುಕಟ್ಟೆಗೆ ಹೋದರೆ ಕ್ವಿಂಟಲ್ ಲೆಕ್ಕ. ಅರಕಲಗೂಡು ಸೀಮೆಯ ಹೊಗೆಸೊಪ್ಪು ರಾಮನಾಥಪುರದ ಹರಾಜು ಕಟ್ಟೆಯಲ್ಲಿ ಬೇಲು ಬೇಲಾಗಿ ತೂಕಕ್ಕೆ ಬೀಳುತ್ತದೆ. ಹಾಲಿಗಂತೂ ದಿನಕ್ಕೆರಡು ಸಲ ಅಳತೆ, ಮೇಲೆ ಜಿಡ್ಡಿನ ಪರೀಕ್ಷೆ. ಅದೇ ಮನೆಯವರು ಆರೇಳು ತಿಂಗಳು ಸೊಪ್ಪು ಕಟ್ಟಿ ಸಾಕಿದ ಟಗರನ್ನು ಮಾರುವ ದಿನ ಮಾತ್ರ ತಕ್ಕಡಿ ಎಲ್ಲೂ ಕಾಣಿಸುವುದಿಲ್ಲ. ವ್ಯಾಪಾರಿ ಬೆನ್ನಮೂಳೆಯ ಮೇಲೆ ಬೆರಳಾಡಿಸುತ್ತಾನೆ, ಸೊಂಟ ಹಿಡಿಯುತ್ತಾನೆ, ಮುಂಗಾಲೆತ್ತಿ ಒಮ್ಮೆ ತೂಗಿದಂತೆ ಮಾಡುತ್ತಾನೆ, ‘ಇಪ್ಪತ್ತೈದು ಬಂದೀತು’ ಎನ್ನುತ್ತಾನೆ. ದಿನವೂ ಹತ್ತಾರು ಕುರಿ ಮುಟ್ಟುವ ಕೈ ಅದು, ದೊಡ್ಡದಾಗಿ ತಪ್ಪುವುದಿಲ್ಲ. ಆದರೆ ಎರಡು–ಮೂರು ಕಿಲೊ ತಪ್ಪಿದಾಗ ಅದು ಯಾರ ಕಡೆಗೆ ವಾಲುತ್ತದೆ ಎಂಬುದನ್ನು ಸಾಕಿದವರು ಬಲ್ಲರು.

ಇದು ಸಣ್ಣ ಮೊತ್ತದ ಮಾತಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿಗಳೂ 61 ಲಕ್ಷಕ್ಕೂ ಮಿಕ್ಕಿದ ಮೇಕೆಗಳೂ ಇದ್ದವು. ಕುರಿಗಳ ಸಂಖ್ಯೆಯಲ್ಲಿ ರಾಜ್ಯ ದೇಶಕ್ಕೆ ಮೂರನೆಯದು. ಬಿಳಿ ಮೈಮೇಲೆ ಕಂದು ಅಥವಾ ಕಪ್ಪು ಮಚ್ಚೆಯ, ಚಿಕ್ಕ ಗಾತ್ರದ ‘ಹಾಸನ’ ಕುರಿ ದೇಶದ ಅಧಿಕೃತ ತಳಿಗಳ ಪಟ್ಟಿಯಲ್ಲೇ ಇದೆ. ಚಿಕ್ಕ ಮೈಯ ಪ್ರಾಣಿಗೆ ಮೂರು ಕಿಲೊ ಎಂದರೆ ಹತ್ತರಲ್ಲಿ ಒಂದು ಪಾಲು.

ಜಾತ್ರೆಯ ಲೆಕ್ಕ, ಮಾಂಸದ ಲೆಕ್ಕ

ತೂಗದೆ ಮಾರುವ ರೂಢಿಯನ್ನು ಬರೀ ಅಜ್ಞಾನ ಎನ್ನುವುದು ಅನ್ಯಾಯ. ಇದು ಹಳ್ಳಿಕಾರ್ ಎತ್ತಿನ ನಾಡು. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ಜಾತ್ರೆಯಲ್ಲಿ ಹೋರಿಯನ್ನು ತಕ್ಕಡಿಗೆ ಹತ್ತಿಸುವ ಮಾತೆತ್ತಿದರೆ ಜನ ನಕ್ಕಾರು. ಅಲ್ಲಿ ನೋಡುವುದು ಹಲ್ಲು, ಸುಳಿ, ಕೊಂಬು, ಗೊರಸು, ನಡಿಗೆಯ ಬಿರುಸು. ಬೆಲೆ ಕುದುರುವುದು ಟವೆಲ್ಲಿನ ಮರೆಯಲ್ಲಿ, ಬೆರಳಿಗೆ ಬೆರಳು ತಾಗಿ. ಅಲ್ಲಿ ಮಾರಾಟವಾಗುವುದು ನೊಗ ಎಳೆಯುವ ಶಕ್ತಿ, ಹಾಗಾಗಿ ಕಿಲೊಗ್ರಾಂ ಅಲ್ಲಿ ಅಪ್ರಸ್ತುತ. ಆ ಕಣ್ಣಳತೆಯ ಶಿಸ್ತೇ ಕುರಿ ಸಂತೆಗೂ ಇಳಿದುಬಂದಂತಿದೆ. ಇಲ್ಲಿ ಮಾರುವುದು ಮಾಂಸ, ಕೊನೆಗೆ ಅದು ಅಂಗಡಿಯಲ್ಲಿ ತೂಕಕ್ಕೇ ಹೋಗುತ್ತದೆ.

ವ್ಯಾಪಾರಿಯ ವಾದದಲ್ಲೂ ಹುರುಳಿದೆ. ಮೇಯಿಸಿ ನೀರು ಕುಡಿಸಿ ತಂದ ಕುರಿಯ ಹೊಟ್ಟೆಯಲ್ಲಿರುವುದೇ ಮೈತೂಕದ ಹತ್ತನೇ ಒಂದು ಭಾಗವನ್ನು ಮೀರಬಹುದು. ಜೀವಂತ ತೂಕದಲ್ಲಿ ಮಾಂಸವಾಗಿ ಕೈಗೆ ಸಿಗುವುದು ಹೆಚ್ಚೂಕಡಿಮೆ ಅರ್ಧ. ಹರಕೆಯ ಟಗರಿಗೆ, ಬಕ್ರೀದ್‌ನ ಹೋತಕ್ಕೆ ಅಂದವೇ ಬೆಲೆ. ಆದ್ದರಿಂದ ತಕ್ಕಡಿ ತಂದ ಮಾತ್ರಕ್ಕೆ ಚೌಕಾಸಿ ನಿಲ್ಲುವುದಿಲ್ಲ. ಮಾತು ಶುರುವಾಗುವ ಜಾಗ ಮಾತ್ರ ಬದಲಾಗುತ್ತದೆ.

ಮೊದಲ ಉಪಯೋಗ ಕೊಟ್ಟಿಗೆಯಲ್ಲೇ

ತಕ್ಕಡಿಯ ದೊಡ್ಡ ಲಾಭ ಸಂತೆಯ ದಿನಕ್ಕಿಂತ ಬಹಳ ಮೊದಲೇ ಸಿಗುತ್ತದೆ. ಜಂತುಹುಳುವಿನ ಔಷಧಿಯ ಪ್ರಮಾಣ ನಿಗದಿಯಾಗುವುದು ಕಿಲೊ ಮೈತೂಕಕ್ಕೆ ಇಷ್ಟು ಮಿಲಿಗ್ರಾಂ ಎಂದೇ. 30 ಕಿಲೊ ಟಗರನ್ನು 24 ಎಂದು ಅಂದಾಜಿಸಿದರೆ ಔಷಧಿ ಐದರಲ್ಲೊಂದು ಪಾಲು ಕಡಿಮೆ ಬೀಳುತ್ತದೆ. ಸಾಯದೆ ಉಳಿದ ಹುಳು ಆ ಔಷಧಿಗೆ ಒಗ್ಗಿಕೊಳ್ಳುತ್ತದೆ, ಮುಂದೆ ಪೂರ್ತಿ ಪ್ರಮಾಣ ಕುಡಿಸಿದರೂ ಕೆಲಸ ಮಾಡದು. ದಿನಕ್ಕೆ 100 ಗ್ರಾಂ ಮೈಗೂಡುವ ಮರಿ ತಿಂಗಳಿಗೆ 3 ಕಿಲೊ ಏರಬೇಕು. ಒಂದೂವರೆಯೇ ಏರಿದ್ದರೆ ದಿನವೂ ನೋಡುವ ಕಣ್ಣಿಗೆ ಅದು ತಿಳಿಯುವುದಿಲ್ಲ. ಹೆಣ್ಣುಮರಿಗೆ ಟಗರು ಬಿಡುವುದಕ್ಕೂ ವಯಸ್ಸಿಗಿಂತ ತೂಕವೇ ನಂಬಿಕೆಯ ಗುರುತು: ತಳಿಯ ಪೂರ್ಣ ತೂಕದ ಮೂರನೇ ಎರಡು ಭಾಗವಾದರೂ ತುಂಬಿರಬೇಕು.

ಟೇಪಿನ ಲೆಕ್ಕವೂ ಒಂದಿದೆ. ಮುಂಗಾಲ ಹಿಂದೆ ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮೈಯುದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸುವುದು. ಅಳತೆ ಇಂಚಿನಲ್ಲಿ, ಉತ್ತರ ಕಿಲೊದಲ್ಲಿ. ಸುತ್ತಳತೆ 28, ಉದ್ದ 24 ಆದರೆ ಸುಮಾರು ಇಪ್ಪತ್ತೆಂಟೂವರೆ ಕಿಲೊ. ಉಣ್ಣೆಯ ಮೇಲೆ ಟೇಪು ಸಡಿಲಾಗಿ 29 ಎಂದು ಓದಿದಿರೋ, ಎರಡು ಕಿಲೊ ಹೆಚ್ಚು! ಹಸು–ಎಮ್ಮೆಗೆ ಇದೇ ಸಾಕು, ಅವುಗಳನ್ನು ತೂಗುವ ತಕ್ಕಡಿಯನ್ನು ಹೊತ್ತು ತಿರುಗುವುದು ಸಣ್ಣ ರೈತರ ಕೆಲಸವಲ್ಲ. ಕುರಿಗೆ ಸಾಲದು.

ಏನು ಕೊಳ್ಳಬೇಕು, ಏನು ಕಟ್ಟಬೇಕು

ಅಗ್ಗದ ದಾರಿ ತೂಗುಹಾಕುವ ಸ್ಪ್ರಿಂಗ್ ತಕ್ಕಡಿ, ಒಂದು ಗೋಣಿಚೀಲ, ಹಗ್ಗ, ತೊಲೆ. ಮರಿಗಳಿಗೆ ಇದು ಸರಿ. ಬಲಿತ ಕುರಿ ನೇತಾಡಿದರೆ ಒದ್ದಾಡುತ್ತದೆ, ಮುಳ್ಳು ನಿಲ್ಲುವುದಿಲ್ಲ. ಗಬ್ಬದ ಕುರಿಯನ್ನಂತೂ ಹಾಗೆ ನೇತುಹಾಕಲೇಬಾರದು. ಇನ್ನೊಂದು ತುದಿಯಲ್ಲಿ, ಬಿಡಿ ಲೋಡ್‌ಸೆಲ್ ತರಿಸಿ ಇಡೀ ಯಂತ್ರವನ್ನೇ ಮನೆಯಲ್ಲಿ ಜೋಡಿಸುವ ಉತ್ಸಾಹಿಗಳಿದ್ದಾರೆ. ಲೋಡ್‌ಸೆಲ್ ಎಂದರೆ ಭಾರಕ್ಕೆ ಕೂದಲೆಳೆಯಷ್ಟು ಬಾಗುವ ಲೋಹದ ತುಂಡು. ಆ ಬಾಗುವಿಕೆ ವಿದ್ಯುತ್ ಸಂಕೇತವಾಗಿ ಅಂಕಿಯಾಗುತ್ತದೆ. ಜೋಡಿಸುವುದು ಅಸಾಧ್ಯವೇನಲ್ಲ. ತೊಡಕಿರುವುದು ಕಾನೂನಿನಲ್ಲಿ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ವ್ಯಾಪಾರಕ್ಕೆ ಬಳಸುವ ತೂಕದ ಯಂತ್ರದ ಮಾದರಿಗೆ ಅನುಮೋದನೆ ಬೇಕು, ಅದರ ಮೇಲೆ ಮುದ್ರೆ ಇರಬೇಕು. ಎಲೆಕ್ಟ್ರಾನಿಕ್ ತಕ್ಕಡಿಯಾದರೆ 12 ತಿಂಗಳಿಗೊಮ್ಮೆ ಮರುಪರಿಶೀಲನೆಯಾಗಬೇಕು. ಮನೆಯಲ್ಲಿ ಜೋಡಿಸಿದ್ದು ಔಷಧಿ, ಮೇವಿನ ಲೆಕ್ಕಕ್ಕೆ ಸಾಕು, ಅದರ ಮೇಲೆ ಮಾರಾಟ ನಡೆಸುವಂತಿಲ್ಲ.

ಹಾಗಾಗಿ ನಡುವಿನ ದಾರಿಯೇ ವಾಸಿ ಎನಿಸುತ್ತದೆ: ಮುದ್ರೆಯಿರುವ 150 ಕಿಲೊ ಸಾಮರ್ಥ್ಯದ ಪ್ಲಾಟ್‌ಫಾರಂ ತಕ್ಕಡಿಯನ್ನು ಕೊಂಡು, ಮೇಲಿಡುವ ಪಂಜರವನ್ನಷ್ಟೇ ಊರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುವುದು. 35 ಕಿಲೊ ಟಗರಿಗೆ ಇಷ್ಟೇಕೆ ಎನ್ನಬೇಡಿ. ಪಂಜರದ ಭಾರವನ್ನು ಸೊನ್ನೆ ಮಾಡಿದರೂ ಅದು ಸಾಮರ್ಥ್ಯದಲ್ಲಿ ತನ್ನ ಪಾಲು ತಿಂದೇ ತಿನ್ನುತ್ತದೆ. ಪಂಜರ ಮೂರೂವರೆ ಅಡಿ ಉದ್ದ, ಮೂರಡಿ ಎತ್ತರ ಇದ್ದರೆ ಸಾಕು. ಅಗಲ ಮಾತ್ರ ಒಂದೂವರೆ ಅಡಿ ಮೀರಬಾರದು, ಜಾಗ ಸಿಕ್ಕರೆ ಕುರಿ ತಿರುಗಿ ನಿಲ್ಲುತ್ತದೆ. ಹಿಂದೊಂದು ಮುಂದೊಂದು ಬಾಗಿಲು, ನೆಲಕ್ಕೆ ಕಾಲು ಜಾರದ ರಬ್ಬರ್ ಹಾಸು. ಪಂಜರ ಗೋಡೆಗಾಗಲಿ ನೆಲಕ್ಕಾಗಲಿ ತಾಗಿದರೆ ಅಂಕಿ ಸುಳ್ಳಾಗುತ್ತದೆ. ಹತ್ತರಲ್ಲಿ ಎಂಟು ದೂರುಗಳ ಮೂಲ ಇದೇ ಇರಬೇಕು ಎಂಬುದು ನನ್ನ ಗುಮಾನಿ.

ಬೆಳಗ್ಗೆ ಮೇವು ಹಾಕುವ ಮುನ್ನ ತೂಗಬೇಕು, ಪ್ರತಿ ಸಲವೂ ಅದೇ ಹೊತ್ತಿಗೆ. ಕುರಿ ಒಳಹೊಕ್ಕ ಕೂಡಲೇ ಅಂಕಿ 27.8, 31.2, 29.4 ಎಂದು ಕುಣಿಯುತ್ತದೆ. ಆಗ ಹಿಡಿದು ಒತ್ತಬಾರದು, ಕೈಬಿಟ್ಟು ನಿಲ್ಲಬೇಕು. ಉಸಿರು ನಿಧಾನವಾದೊಡನೆ ಅಂಕಿಯೂ ನಿಲ್ಲುತ್ತದೆ. ಕುಣಿತದ ನಡುವೆಯೇ ಸರಾಸರಿ ಹಿಡಿದು ತೋರಿಸುವ ಸೌಲಭ್ಯ ಕೆಲವು ಯಂತ್ರಗಳಲ್ಲಿದೆ, ಕೊಳ್ಳುವಾಗ ಕೇಳಿ ಪಡೆಯುವುದು ಒಳಿತು. ತಕ್ಕಡಿಯ ಪ್ರಾಮಾಣಿಕತೆ ಪರೀಕ್ಷಿಸಲು 20 ಲೀಟರ್ ನೀರಿನ ಕ್ಯಾನ್ ಸಾಕು. ಖಾಲಿ ಕ್ಯಾನಿಟ್ಟು ಸೊನ್ನೆ ಮಾಡಿ, ತುಂಬಿಸಿ, ಪಂಜರದ ನಾಲ್ಕೂ ಮೂಲೆಗೆ ಸರಿಸಿ ನೋಡಬೇಕು. ಎಲ್ಲ ಮೂಲೆಯಲ್ಲೂ 20ರ ಆಸುಪಾಸು ತೋರಿಸದ ತಕ್ಕಡಿಯನ್ನು ನಂಬುವಂತಿಲ್ಲ.

ಐದಾರು ಕುರಿಯ ಮನೆಗೆ ಇಷ್ಟು ಖರ್ಚು ಹೊರೆಯೇ. ತಿಂಗಳಿಗೊಂದು ಬೆಳಗಿನ ಕೆಲಸಕ್ಕೆ ಮನೆಗೊಂದು ತಕ್ಕಡಿ ಬೇಕಾಗಿಯೂ ಇಲ್ಲ. ಕೇರಿಗೊಂದು, ಇಲ್ಲವೇ ಸ್ವಸಹಾಯ ಗುಂಪಿಗೊಂದು ಇದ್ದರೆ ಸಾಕು. ಯಾರ ಮನೆಯಲ್ಲಿಡಬೇಕು, ಬ್ಯಾಟರಿ ಚಾರ್ಜು ಯಾರದು, ವರ್ಷದ ಮುದ್ರೆಗೆ ಯಾರು ಹೊತ್ತೊಯ್ಯಬೇಕು ಎಂಬುದನ್ನು ಕೊಳ್ಳುವ ಮೊದಲೇ ಬರೆದಿಟ್ಟುಕೊಳ್ಳಬೇಕಷ್ಟೆ. ಹಾಗೆಯೇ ಪಂಜರ ಮಾಡಿಸುವಾಗ ಎರಡೂ ಬದಿಗೆ ಹಿಡಿಕೆ ಬೆಸೆಸುವುದನ್ನು ಮರೆಯಬಾರದು. ಇಬ್ಬರು ಎತ್ತಿಕೊಂಡು ಮುಂದಿನ ಕೊಟ್ಟಿಗೆಗೆ ನಡೆಯುವಂತಿರಬೇಕು.