ಗಾಯದ ಬುಡಕ್ಕೆ ಔಷಧ ತಲುಪುವುದೇ?

ಕಾಲಿನ ಗಾಯ ಕೀವುಗಟ್ಟಿದೆ. ನಾಲ್ಕು ದಿನ ಆ್ಯಂಟಿಬಯಾಟಿಕ್ ಮಾತ್ರೆ ನುಂಗಿದರೂ ಊತ ಇಳಿದಿಲ್ಲ. ಇಂಥ ಸಂದರ್ಭದಲ್ಲಿ ಮಾತ್ರೆಗೆ ಶಕ್ತಿ ಸಾಲದೆಂದು ದೂರುವವರೇ ಹೆಚ್ಚು. ಆದರೆ ಔಷಧ ಸರಿಯಾದದ್ದೇ ಆಗಿದ್ದೂ ಅದು ರೋಗಾಣುಗಳಿರುವ ಜಾಗವನ್ನು ಸಾಕಷ್ಟು ಪ್ರಮಾಣದಲ್ಲಿ ತಲುಪದೇ ಇರಬಹುದು.

ಈ ಸಮಸ್ಯೆ ಆ್ಯಂಟಿಬಯಾಟಿಕ್‌ಗಳಷ್ಟೇ ಹಳೆಯದು. 1941ರ ಫೆಬ್ರುವರಿಯಲ್ಲಿ ಆಕ್ಸ್‌ಫರ್ಡ್‌ನಲ್ಲಿ ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಪೆನಿಸಿಲಿನ್ ನೀಡಲಾಯಿತು. ಮುಖ, ತಲೆಯ ತುಂಬ ಕೀವುಗಟ್ಟಿದ್ದ ಆತ ಕೆಲವೇ ದಿನಗಳಲ್ಲಿ ಚೇತರಿಸಿಕೊಂಡ. ಆದರೆ ಪೆನಿಸಿಲಿನ್ ಮೂತ್ರದೊಡನೆ ಬೇಗನೆ ಹೊರಹೋಗುತ್ತಿತ್ತು. ಮೂತ್ರದಿಂದಲೇ ಅದನ್ನು ಮರಳಿ ಸಂಗ್ರಹಿಸಿ ಕೊಟ್ಟರೂ ದಾಸ್ತಾನು ಮುಗಿಯಿತು. ಸೋಂಕು ಮರುಕಳಿಸಿ, ಮಾರ್ಚ್ ತಿಂಗಳಲ್ಲಿ ಆತ ಅಸುನೀಗಿದ. ಔಷಧವು ಸೋಂಕಿನ ಜಾಗದಲ್ಲಿ ಸಾಕಷ್ಟು ಕಾಲ ಉಳಿಯಬೇಕೆಂಬುದು ಅಂದೇ ಮನವರಿಕೆಯಾಯಿತು.

ರಕ್ತದಿಂದ ಅಂಗಾಂಶಕ್ಕೆ

ಚರ್ಮ, ಅದರಡಿಯ ಕೊಬ್ಬು, ಸ್ನಾಯು ಮುಂತಾದವು ಮೃದು ಅಂಗಾಂಶಗಳು. ಔಷಧವು ಕೂದಲಿಗಿಂತ ಸೂಕ್ಷ್ಮವಾದ ರಕ್ತನಾಳಗಳ ಗೋಡೆಯನ್ನು ದಾಟಿ, ಜೀವಕೋಶಗಳ ನಡುವಿನ ದ್ರವವನ್ನು ಸೇರುತ್ತದೆ. ಚರ್ಮದ ಸೋಂಕಿಗೆ ಕಾರಣವಾಗುವ ಬಹುತೇಕ ಬ್ಯಾಕ್ಟೀರಿಯಾಗಳು ಬೀಡುಬಿಡುವುದು ಈ ದ್ರವದಲ್ಲಿಯೇ.

ರಕ್ತದಲ್ಲಿರುವ ಔಷಧವೆಲ್ಲ ಹೀಗೆ ಹೊರಬರುವುದಿಲ್ಲ. ಒಂದು ಪಾಲು ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಸೆಫ್ಟ್ರಿಯಾಕ್ಸೋನ್‌ನಲ್ಲಿ ಇದು ಶೇ. 85ರಿಂದ 95ರಷ್ಟು. ಬಿಡಿಯಾಗಿ ಉಳಿದ ಅಂಶ ಮಾತ್ರ ಗೋಡೆ ದಾಟಬಲ್ಲದು, ರೋಗಾಣುವನ್ನು ಕೊಲ್ಲಬಲ್ಲದು. ಸ್ನಾಯುವಿಗೆ ಹೋಲಿಸಿದರೆ ಕೊಬ್ಬಿನಲ್ಲಿ ರಕ್ತಸಂಚಾರ ಕಡಿಮೆ. ಹೀಗಾಗಿ ಸ್ಥೂಲಕಾಯದವರಿಗೆ ಕೆಲವು ಔಷಧಗಳ ಪ್ರಮಾಣವನ್ನು ಹೆಚ್ಚಿಸಬೇಕಾಗುತ್ತದೆ.

ಔಷಧಗಳ ಸ್ವಭಾವವೂ ಒಂದೇ ಅಲ್ಲ. ಪೆನಿಸಿಲಿನ್, ಸೆಫಲೋಸ್ಪೋರಿನ್, ಜೆಂಟಾಮೈಸಿನ್ ನೀರಿನಲ್ಲಿ ಕರಗುವಂಥವು. ಬಹುಮಟ್ಟಿಗೆ ಕೋಶಗಳ ಹೊರಗೇ ಉಳಿಯುತ್ತವೆ. ಅಜಿತ್ರೋಮೈಸಿನ್ ಕೋಶಗಳೊಳಗೆ ನುಗ್ಗಿ ಶೇಖರವಾಗುತ್ತದೆ. ಅಂಗಾಂಶದ ತುಣುಕನ್ನು ಅರೆದು ಅಳೆದರೆ ಇದರ ಮಟ್ಟ ರಕ್ತದಲ್ಲಿರುವುದಕ್ಕಿಂತ ಬಹುಪಟ್ಟು ಕಾಣುತ್ತದೆ. ಆದರೆ ರೋಗಾಣು ಕೋಶದ ಹೊರಗಿದ್ದಾಗ ಆ ಲೆಕ್ಕ ದಾರಿ ತಪ್ಪಿಸುವಂಥದ್ದು. ಆದ್ದರಿಂದಲೇ ಸಂಶೋಧಕರು ಈಗ ಅಂಗಾಂಶದೊಳಗೆ ಎಳೆಯಂಥ ನಳಿಕೆಯಿರಿಸಿ, ಅಲ್ಲಿನ ದ್ರವದಲ್ಲಿರುವ ಬಿಡಿ ಔಷಧವನ್ನೇ ಅಳೆಯುತ್ತಾರೆ. ಮೈಕ್ರೋಡಯಾಲಿಸಿಸ್ ಎಂಬುದು ಈ ವಿಧಾನದ ಹೆಸರು.

ಕೀವಿನ ಕೋಟೆ

ಕೀವುಗಟ್ಟಿದ ಕುರುವಿನ ಒಳಗೆ ರಕ್ತನಾಳಗಳಿರುವುದಿಲ್ಲ. ಸುತ್ತಲಿನ ಗೋಡೆಯನ್ನು ದಾಟಿ ಒಳಸೇರುವ ಔಷಧ ಅತ್ಯಲ್ಪ. ಒಳಗೆ ಆಮ್ಲತೆ ಹೆಚ್ಚು, ಆಮ್ಲಜನಕ ಕಡಿಮೆ. ಇಂಥಲ್ಲಿ ಜೆಂಟಾಮೈಸಿನ್ ನಿಸ್ತೇಜವಾಗುತ್ತದೆ. ಬ್ಯಾಕ್ಟೀರಿಯಾಗಳು ನಿಧಾನವಾಗಿ ಬೆಳೆಯುವುದರಿಂದ ಪೆನಿಸಿಲಿನ್ ಗುಂಪಿನ ಔಷಧಗಳ ಪ್ರಭಾವವೂ ತಗ್ಗುತ್ತದೆ. ಕುರುವನ್ನು ಕೊಯ್ದು ಕೀವು ತೆಗೆಯಬೇಕೆಂದು ವೈದ್ಯರು ಹೇಳುವುದು ಇದೇ ಕಾರಣಕ್ಕೆ. ಕೊಳೆತ ಅಂಗಾಂಶದ ವಿಷಯದಲ್ಲೂ ಅಷ್ಟೇ. ರಕ್ತ ಹರಿಯದಲ್ಲಿಗೆ ಔಷಧವೂ ಹೋಗದು.

ಮಧುಮೇಹಿಗಳಲ್ಲಿ ಕಾಲಿನ ರಕ್ತನಾಳಗಳು ಕಿರಿದಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಅವರಿಗೆ ಮಾತ್ರೆ ಬದಲಿಸುವುದಕ್ಕಿಂತ ರಕ್ತಸಂಚಾರವನ್ನು ಪರೀಕ್ಷಿಸಿ ಸರಿಪಡಿಸುವುದೇ ಕೆಲವೊಮ್ಮೆ ಕಾಲನ್ನು ಉಳಿಸುತ್ತದೆ.

ಸಮಯವೂ ಮುಖ್ಯ

ರೋಗಾಣು ಅಂಗಾಂಶವನ್ನು ಸೇರುವ ಮೊದಲೇ ಔಷಧ ಅಲ್ಲಿದ್ದರೆ ಫಲ ಹೆಚ್ಚು, ಕೆಲವು ಗಂಟೆ ತಡವಾದರೆ ಪ್ರಯೋಜನವಿಲ್ಲ ಎಂಬುದನ್ನು ಜಾನ್ ಬರ್ಕ್ 1961ರಲ್ಲಿ ಗಿನಿಯಿಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಶಸ್ತ್ರಚಿಕಿತ್ಸೆಗೆ ಮುನ್ನ ಸೆಫಜೋಲಿನ್ ಚುಚ್ಚುಮದ್ದನ್ನು ಕೊಯ್ಯುವ ಮೊದಲಿನ 60 ನಿಮಿಷಗಳೊಳಗೆ ಕೊಡುವ ಪದ್ಧತಿಯ ಹಿಂದಿರುವುದು ಇದೇ ತತ್ತ್ವ.

ರೋಗಿಗಳು ತಿಳಿದಿರಬೇಕಾದದ್ದು ಇಷ್ಟು. ಮಾತ್ರೆಗಳನ್ನು ಹೇಳಿದ ಹೊತ್ತಿಗೆ ತಪ್ಪದೆ ಸೇವಿಸಬೇಕು. ಊದಿದ ಕಾಲನ್ನು ದಿಂಬಿನ ಮೇಲೆ ಎತ್ತರಿಸಿಟ್ಟರೆ ಬಾವು ಬೇಗ ಇಳಿಯುತ್ತದೆ. ಮೊದಲ ಒಂದೆರಡು ದಿನ ಕೆಂಪು ತುಸು ಹರಡಿದರೂ ಗಾಬರಿ ಬೇಡ. ಆದರೆ ಎರಡು-ಮೂರು ದಿನವಾದರೂ ಗುಣ ಕಾಣದಿದ್ದರೆ ವೈದ್ಯರಿಗೆ ಮತ್ತೆ ತೋರಿಸಬೇಕು. ಗಾಯಕ್ಕೆ ಮೀರಿದ ನೋವು, ಚರ್ಮ ಕಪ್ಪಾಗುವುದು, ಬೊಬ್ಬೆ ಏಳುವುದು, ಜ್ವರದೊಡನೆ ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಔಷಧ ಅಂಗಡಿಯಲ್ಲಿ ತಾವಾಗಿಯೇ ‘ಇನ್ನೂ ಸ್ಟ್ರಾಂಗ್’ ಮಾತ್ರೆ ಕೇಳಿ ಪಡೆಯುವುದು ಪರಿಹಾರವಲ್ಲ. ಕೀವು ಒಳಗೇ ಇರುವಾಗ ಅದೂ ಹೊರಗೇ ನಿಲ್ಲುತ್ತದೆ.