ಮೈಭಾರ, ಮನೋಭಾರ ಮತ್ತು ಯಂತ್ರದ ನೆರವು

ಖಿನ್ನತೆಯನ್ನು ಅಳೆಯುವುದಕ್ಕೆ ಅನೇಕ ದೇಶಗಳ ವೈದ್ಯರು ಇಂದು ಬಳಸುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಒಂದೇ ಪುಟದಲ್ಲಿ ಮುಗಿದುಹೋಗುವಷ್ಟು ಚಿಕ್ಕದು. ಕಳೆದ ಎರಡು ವಾರಗಳಲ್ಲಿ ಇಂಥಿಂಥ ತೊಂದರೆ ನಿಮ್ಮನ್ನು ಎಷ್ಟು ದಿನ ಬಾಧಿಸಿತು ಎಂದು ಅದು ಒಂಬತ್ತು ಸಲ ಕೇಳುತ್ತದೆ; ಒಂದೊಂದು ಉತ್ತರಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ; ಒಟ್ಟು 27ರಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ಖಿನ್ನತೆಯನ್ನು ಶಂಕಿಸಿ ಮುಂದಿನ ವಿಚಾರಣೆಗೆ ತೊಡಗತಕ್ಕದ್ದು. ಈ ಒಂಬತ್ತರ ಪೈಕಿ ಮೂರನೆಯ ಪ್ರಶ್ನೆ ನಿದ್ರೆಯನ್ನು ಕುರಿತದ್ದು, ನಾಲ್ಕನೆಯದು ಆಯಾಸವನ್ನು, ಐದನೆಯದು ಹಸಿವು ಕುಂದುವುದನ್ನೋ ಮಿತಿಮೀರಿ ತಿನ್ನುವುದನ್ನೋ ಕುರಿತದ್ದು. ಸ್ಥೂಲಕಾಯದಿಂದ ಬಳಲುವವರೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಸಾವಧಾನವಾಗಿ ವಿಚಾರಿಸಿದರೆ, ರಾತ್ರಿ ಗೊರಕೆಯಿಂದಲೂ ಉಸಿರು ಕಟ್ಟುವುದರಿಂದಲೂ ನಿದ್ರೆ ಕೆಡುವುದು, ಹಗಲೆಲ್ಲ ಮೈ ಸೋತಂತಿರುವುದು, ಬೇಡವೆಂದುಕೊಂಡೂ ತಿಂದುಬಿಡುವುದು, ಹೀಗೆ ಹೆಚ್ಚುಕಡಮೆ ಅದೇ ಮೂರು ದೂರುಗಳು ಅವರ ಬಾಯಿಂದ ಬರುವುವು. ಹಾಗಿದ್ದೂ ನಮ್ಮ ಆಸ್ಪತ್ರೆಗಳಲ್ಲಿ ಮೈಯ ಬೊಜ್ಜಿಗೆ ಒಂದು ಬಾಗಿಲು, ಮನಸ್ಸಿನ ಬೇಗೆಗೆ ಇನ್ನೊಂದು ಬಾಗಿಲು. ಒಂದರಲ್ಲಿ ತೂಕ ನೋಡಿ ಆಹಾರದ ಪಟ್ಟಿಯನ್ನು ಕೈಗಿಡುತ್ತಾರೆ. ಇನ್ನೊಂದರಲ್ಲಿ ಮಾತ್ರೆ ಬರೆದುಕೊಡುತ್ತಾರೆ. ಎರಡರ ನಡುವೆ ಓಡಾಡುವ ಹೊಣೆ ಮಾತ್ರ, ಹಾಸಿಗೆಯಿಂದೇಳುವುದಕ್ಕೇ ಮನಸ್ಸಾಗದ ರೋಗಿಯ ಮೇಲೆ ಬೀಳುತ್ತದೆ.

ಈ ಎರಡು ವ್ಯಾಧಿಗಳು ಆಕಸ್ಮಿಕವಾಗಿ ಒಂದೇ ದೇಹದಲ್ಲಿ ಕೂಡಿಕೊಂಡವುಗಳಲ್ಲ. ಹಾಲೆಂಡಿನ ಫ್ಲೋರಿಯಾನ ಲುಪ್ಪಿನೊ ಮತ್ತು ಸಂಗಡಿಗರು, ಒಂದೇ ಜನಸಮೂಹವನ್ನು ದೀರ್ಘಕಾಲ ಗಮನಿಸಿ ನಡೆಸಿದ್ದ 15 ಅಧ್ಯಯನಗಳನ್ನು ಒಟ್ಟುಗೂಡಿಸಿ, 58,745 ಮಂದಿಯ ವಿವರಗಳನ್ನು ಪರಿಶೀಲಿಸಿ, 2010ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಸ್ಥೂಲಕಾಯವುಳ್ಳವರಲ್ಲಿ ಮುಂದೆ ಖಿನ್ನತೆ ತಲೆದೋರುವ ಸಂಭವ ಇತರರಿಗಿಂತ ಶೇಕಡ 55ರಷ್ಟು ಅಧಿಕ. ಖಿನ್ನರಾದವರಲ್ಲಿ ಮುಂದೆ ಸ್ಥೂಲಕಾಯ ಬೆಳೆಯುವ ಸಂಭವ ಶೇಕಡ 58ರಷ್ಟು ಅಧಿಕ. ಯಾವುದು ಮೊದಲು ಬಂತೆಂಬುದು ಹೇಗೇ ಇರಲಿ, ಒಂದು ಮತ್ತೊಂದನ್ನು ಕರೆದುಕೊಂಡು ಬರುತ್ತದೆಂಬುದು ಇದರಿಂದ ಸ್ಪಷ್ಟ.

ಕಾರಣಗಳು ಹಲವು. ದೀರ್ಘಕಾಲದ ಉದ್ವೇಗದಲ್ಲಿ ಕಾರ್ಟಿಸಾಲ್ ಎಂಬ ರಸದ ಪ್ರಮಾಣ ಏರಿ, ಹೊಟ್ಟೆಯ ಸುತ್ತ ಕೊಬ್ಬು ಸೇರುವುದಕ್ಕೂ ಸಿಹಿ ಮತ್ತು ಜಿಡ್ಡಿನ ಪದಾರ್ಥಗಳ ಮೇಲೆ ಆಸೆ ಹೆಚ್ಚುವುದಕ್ಕೂ ಆಸ್ಪದವಾಗುತ್ತದೆ. ಶೇಖರವಾದ ಕೊಬ್ಬು ಜಡವಾಗಿ ಬಿದ್ದಿರುವ ವಸ್ತುವಲ್ಲ. ಅದು ಉರಿಯೂತಕ್ಕೆ ಕಾರಣವಾದ ದ್ರವ್ಯಗಳನ್ನು ರಕ್ತಕ್ಕೆ ಬಿಡುತ್ತಿರುತ್ತದೆ, ಖಿನ್ನತೆಯಿರುವ ಅನೇಕರ ರಕ್ತದಲ್ಲಿಯೂ ಅಂಥ ದ್ರವ್ಯಗಳು ಹೆಚ್ಚಾಗಿ ಕಂಡುಬಂದಿವೆ. ಆದರೆ ದೇಹಶಾಸ್ತ್ರದ ಈ ಕಾರಣಗಳಿಗಿಂತ ಕ್ರೂರವಾದದ್ದು ನೆರೆಹೊರೆಯವರ ದೃಷ್ಟಿ. ಬಸ್ಸಿನಲ್ಲಿ ಪಕ್ಕದವರು ಸರಿದು ಕೂರುವ ರೀತಿ, ಮದುವೆಮನೆಯ ಪಂಕ್ತಿಯಲ್ಲಿ ಎಲೆಯ ಮೇಲೆ ಬೀಳುವ ಕಣ್ಣು, ಹಿತೈಷಿಗಳೆನಿಸಿಕೊಂಡವರು ಕೊಡುವ ಕೇಳದ ಬುದ್ಧಿವಾದ, ಇವುಗಳನ್ನು ನಿತ್ಯವೂ ಸಹಿಸುತ್ತ ಬಂದವರಿಗೆ ತಮ್ಮನ್ನು ಕಂಡರೆ ತಮಗೇ ಜುಗುಪ್ಸೆ ಹುಟ್ಟಿದರೆ ಅದು ಅವರ ದೋಷವಲ್ಲ. ಅಷ್ಟನ್ನೂ ಇಚ್ಛಾಶಕ್ತಿಯ ಕೊರತೆಯೆಂದು ತಳ್ಳಿಹಾಕುವುದು ಅನ್ಯಾಯವೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೈಮನಸ್ಸುಗಳ ಈ ಎರಡು ವ್ಯಾಧಿಗಳನ್ನೂ ಒಂದೇ ಚಿಕಿತ್ಸೆಯಲ್ಲಿ ಹೆಣೆದರೆ ಏನಾಗುವುದೆಂಬ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಅಮೆರಿಕದ ಜುನ್ ಮಾ ಮತ್ತು ಅವರ ಸಹೋದ್ಯೋಗಿಗಳು ಮುಖ್ಯರು. ಕ್ಯಾಲಿಫೋರ್ನಿಯದ ಉತ್ತರಭಾಗದಲ್ಲಿ ನಡೆಸಿ, 2019ರ ಮಾರ್ಚಿನಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಅವರ ಪ್ರಯೋಗಕ್ಕೆ ರೇನ್‌ಬೋ ಎಂದು ಹೆಸರು. ಸ್ಥೂಲಕಾಯ, ಖಿನ್ನತೆ ಎರಡೂ ಇದ್ದ 409 ಮಂದಿಯನ್ನು ಚೀಟಿಯೆತ್ತಿದಂತೆ ಎರಡು ಪಂಗಡಗಳಾಗಿ ವಿಂಗಡಿಸಿದರು. ಹೆಜ್ಜೆಗಳನ್ನೂ ಚಟುವಟಿಕೆಯನ್ನೂ ತಾನಾಗಿ ಎಣಿಸಿಡುವ ಪುಟ್ಟ ಉಪಕರಣವನ್ನು ಎರಡು ಪಂಗಡಗಳಿಗೂ ಸಮಾನವಾಗಿ ಕೊಟ್ಟರು. ಎಲ್ಲರೂ ತಂತಮ್ಮ ವೈದ್ಯರಲ್ಲಿಗೆ ಹೋಗುವುದನ್ನು ಮುಂದುವರಿಸಿದರು. ಒಂದು ಪಂಗಡಕ್ಕೆ ಮಾತ್ರ, ಇದರ ಮೇಲೆ, ಒಬ್ಬ ತರಬೇತುದಾರರು ದೊರಕಿದರು. ಮೊದಲ ಆರು ತಿಂಗಳಲ್ಲಿ ಒಂಬತ್ತು ಭೇಟಿಗಳು, ಮನೆಯಲ್ಲಿ ಕುಳಿತು ನೋಡತಕ್ಕ ಹನ್ನೊಂದು ವಿಡಿಯೊ ಪಾಠಗಳು. ಅನಂತರದ ಆರು ತಿಂಗಳಲ್ಲಿ ತಿಂಗಳಿಗೊಮ್ಮೆ ದೂರವಾಣಿಯ ಮಾತುಕತೆ. ತೂಕ ಇಳಿಸುವ ಕ್ರಮವನ್ನು ಅಲ್ಲಿನ ಪ್ರಖ್ಯಾತವಾದ ಮಧುಮೇಹ ನಿರೋಧ ಕಾರ್ಯಕ್ರಮದಿಂದ ತೆಗೆದುಕೊಂಡಿದ್ದರು. ಮನಸ್ಸಿಗೆ ಆರಿಸಿಕೊಂಡದ್ದು ಸಮಸ್ಯಾಪರಿಹಾರ ಚಿಕಿತ್ಸೆ ಎಂಬ ವಿಧಾನವನ್ನು. ಅವಶ್ಯವಿದ್ದವರಿಗೆ ಖಿನ್ನತೆಯ ಔಷಧವೂ ಇತ್ತು.

ಈ ಸಮಸ್ಯಾಪರಿಹಾರ ಚಿಕಿತ್ಸೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಯುಕ್ತ. ಕೆಲಸ ಮುಗಿಸಿ ರಾತ್ರಿ ಒಂಬತ್ತಕ್ಕೆ ಮನೆ ಸೇರುವ ಐವತ್ತರ ಒಬ್ಬ ಹೆಂಗಸನ್ನು ಕಲ್ಪಿಸಿಕೊಳ್ಳೋಣ. ಏನು ಸಮಸ್ಯೆ ಎಂದರೆ, “ನನ್ನ ಬದುಕೇ ಹಾಳಾಗಿದೆ” ಎನ್ನುತ್ತಾಳೆ. ತರಬೇತುದಾರರು ಆ ಮಾತನ್ನು ಅಲ್ಲಗಳೆಯುವುದಿಲ್ಲ, ಹಾಗೆಂದು ಅದನ್ನೇ ಸಮಸ್ಯೆಯೆಂದು ಬರೆದುಕೊಳ್ಳುವುದೂ ಇಲ್ಲ. ನಿನ್ನೆ ರಾತ್ರಿ ಏನಾಯಿತು, ಬಾಗಿಲು ತೆರೆದ ಮೇಲೆ ಮೊದಲು ಎಲ್ಲಿಗೆ ಹೋದಿರಿ, ಕೈಗೆ ಏನು ಬಂತು ಎಂದು ಕೇಳುತ್ತ ಹೋಗುತ್ತಾರೆ. ಕೊನೆಗೆ ಕಾಗದದ ಮೇಲೆ ಉಳಿಯುವುದು ಒಂದೇ ಸಾಲು: ಮನೆಗೆ ಬಂದೊಡನೆ ಟಿ.ವಿ.ಯ ಮುಂದೆ ಕುಳಿತು ಚಿಪ್ಸಿನ ಪೊಟ್ಟಣ ಖಾಲಿ ಮಾಡುವುದು. ಬದುಕು ಹಾಳಾದುದಕ್ಕೆ ಮದ್ದಿಲ್ಲ, ಪೊಟ್ಟಣಕ್ಕೆ ಉಪಾಯವುಂಟು. ಈ ವಾರ ನಾಲ್ಕು ರಾತ್ರಿ ಪೊಟ್ಟಣ ಒಡೆಯದಿರುವುದು ಗುರಿ. ಉಪಾಯಗಳನ್ನು, ಸರಿತಪ್ಪು ನೋಡದೆ, ತೋಚಿದಂತೆಲ್ಲ ಬರೆಯಬೇಕು: ಪೊಟ್ಟಣವನ್ನೇ ಕೊಳ್ಳದಿರುವುದು, ಬಂದ ಕೂಡಲೆ ಸ್ನಾನಕ್ಕೆ ಹೋಗುವುದು, ತಂಗಿಗೆ ಫೋನು ಮಾಡುವುದು, ಸಂಜೆ ಆರಕ್ಕೆ ಕೆಲಸದ ಜಾಗದಲ್ಲೇ ಡಬ್ಬಿಯ ಊಟ ಮುಗಿಸುವುದು. ಒಂದೊಂದರ ಲಾಭನಷ್ಟಗಳನ್ನು ತೂಗಿ ಅವಳು ಡಬ್ಬಿಯನ್ನು ಆರಿಸುತ್ತಾಳೆ. ಭಾನುವಾರ ಎಷ್ಟು ಗಂಟೆಗೆ ಅಡುಗೆ, ಎಷ್ಟು ಡಬ್ಬಿ, ಎಲ್ಲವೂ ಅಲ್ಲೇ ಗೊತ್ತಾಗುತ್ತದೆ. ಮುಂದಿನ ಭೇಟಿಗೆ ಬಂದಾಗ ನಾಲ್ಕರಲ್ಲಿ ಎರಡೇ ರಾತ್ರಿ ನಡೆಯಿತೆಂದು ತಲೆ ತಗ್ಗಿಸಿದರೆ, ನಡೆದ ಎರಡು ರಾತ್ರಿಗಳಲ್ಲಿ ಏನು ಅನುಕೂಲವಿತ್ತು ಎಂಬುದೇ ಅಂದಿನ ಮೊದಲ ಪ್ರಶ್ನೆ. ತಾನು ಯಾವುದಕ್ಕೂ ಪ್ರಯೋಜನವಿಲ್ಲವೆಂದು ನಂಬಿದ ಮನಸ್ಸಿಗೆ, ಒಂದು ಸಣ್ಣ ಕಾರ್ಯವನ್ನು ತಾನೇ ಯೋಚಿಸಿ ತಾನೇ ಮಾಡಿದೆನೆಂಬ ಅರಿವು ಔಷಧದಂತೆ ಕೆಲಸಮಾಡುತ್ತದೆಂಬುದು ಈ ವಿಧಾನದ ಮೂಲತತ್ತ್ವ.

ಒಂದು ವರ್ಷದ ಕೊನೆಗೆ, ತರಬೇತುದಾರರ ನೆರವು ಪಡೆದ ಪಂಗಡದ ಬಿಎಂಐ, ಎಂದರೆ ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ, ಸರಾಸರಿ 36.7ರಿಂದ 35.9ಕ್ಕೆ ಇಳಿದಿತ್ತು, ಇನ್ನೊಂದು ಪಂಗಡದ್ದು 36.6 ಇದ್ದದ್ದು 36.6 ಆಗಿಯೇ ಉಳಿದಿತ್ತು. ಖಿನ್ನತೆಯ ಅಂಕ, ಅವರು ಬಳಸಿದ ಬೇರೊಂದು ಮಾಪಕದಲ್ಲಿ, ಮೊದಲನೆಯವರಲ್ಲಿ 1.5ರಿಂದ 1.1ಕ್ಕೂ, ಎರಡನೆಯವರಲ್ಲಿ 1.5ರಿಂದ 1.4ಕ್ಕೂ ಇಳಿಯಿತು. ಇದು ಅಲ್ಪಲಾಭ. ಸಂಶೋಧಕರೇ, ಪರಿಣಾಮ ಸಾಧಾರಣವಾದುದೆಂದೂ ರೋಗಿಯ ಬದುಕಿನಲ್ಲಿ ಅದರ ಬೆಲೆಯೆಷ್ಟೆಂಬುದು ನಿಶ್ಚಯವಿಲ್ಲವೆಂದೂ ಪ್ರಾಮಾಣಿಕವಾಗಿ ಬರೆದರು. ಆದರೆ ಈ ಅಂಕಿಗಳಲ್ಲಿ ನನಗೆ ಎಲ್ಲಕ್ಕಿಂತ ಅರ್ಥವತ್ತಾಗಿ ಕಂಡದ್ದು ಆ ಅಲುಗದ 36.6. ಹೆಜ್ಜೆಯೆಣಿಸುವ ಉಪಕರಣ ಅವರ ಕೈಯಲ್ಲಿಯೂ ಇತ್ತಷ್ಟೆ! ವರ್ಷವಿಡೀ ಅದು ಎಣಿಸಿತು. ಎಣಿಸಿದುದನ್ನು ಮುಂದಿಟ್ಟುಕೊಂಡು ಅವರೊಡನೆ ಕುಳಿತು ಮಾತನಾಡುವವರು ಇರಲಿಲ್ಲ.

ಈಗಿನ ಡಿಜಿಟಲ್ ಚಿಕಿತ್ಸೆಯ ಉತ್ಸಾಹವನ್ನು ಈ ಸಂಗತಿಯ ಬೆಳಕಿನಲ್ಲಿ ನೋಡಬೇಕು. ಜರ್ಮನಿ 2019ರಲ್ಲಿ ಶಾಸನವೊಂದನ್ನು ಮಾಡಿ, ವೈದ್ಯರು ಮಾತ್ರೆಯಂತೆಯೇ ಮೊಬೈಲ್ ಆಪ್‌ಗಳನ್ನೂ ಚೀಟಿಯಲ್ಲಿ ಬರೆದುಕೊಡಬಹುದೆಂದೂ ವೆಚ್ಚವನ್ನು ಆರೋಗ್ಯವಿಮೆ ವಹಿಸತಕ್ಕದ್ದೆಂದೂ ವಿಧಿಸಿತು. ಆ ಪಟ್ಟಿಗೆ ಸ್ಥೂಲಕಾಯಕ್ಕಾಗಿ ಜನಾಡಿಯೊ ಎಂಬುದೂ ಖಿನ್ನತೆಗಾಗಿ ಡೆಪ್ರೆಕ್ಸಿಸ್ ಎಂಬುದೂ ಸೇರಿದುವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರಲ್ಲಿ, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವ 22 ವರ್ಷ ಮೇಲ್ಪಟ್ಟವರಿಗೆ ಪೂರಕವಾಗಿ ರಿಜಾಯ್ನ್ ಎಂಬ ಆರು ವಾರಗಳ ಆಪ್ ಚಿಕಿತ್ಸೆಗೆ ಅನುಮತಿ ಕೊಟ್ಟಿತು. ಇವೆಲ್ಲ ಸ್ವಾಗತಾರ್ಹವೇ. ಆದರೆ ಆಸ್ಪತ್ರೆಯ ಎರಡು ಬಾಗಿಲುಗಳು ಇಲ್ಲಿಯೂ ಎರಡು ಆಪ್‌ಗಳಾಗಿ ಬೇರೆಬೇರೆಯಾಗಿಯೇ ಉಳಿದಿರುವುದು ಶೋಚನೀಯ.

ಎರಡನ್ನೂ ಕೂಡಿಸಿ ನೋಡಿದ ಜುನ್ ಮಾ ಅವರೇ ಷಿಕಾಗೊ ನಗರದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಇತರ ವಿದ್ವಾಂಸರೊಡನೆ, ಅದೇ ಸಮಸ್ಯಾಪರಿಹಾರ ಚಿಕಿತ್ಸೆಯನ್ನು ಮಾತಿನಲ್ಲೇ ನಡೆಸಿಕೊಡುವ ಲ್ಯೂಮೆನ್ ಎಂಬ ಯಂತ್ರ ತರಬೇತುದಾರನನ್ನು ರೂಪಿಸುವುದರಲ್ಲಿ ತೊಡಗಿದರು. ಮನೆಮನೆಗಳಲ್ಲಿ ಹಾಡು ಹಾಕು ಎಂದರೆ ಹಾಕುವ ಅಲೆಕ್ಸಾದ ಮೇಲೆಯೇ ಅದನ್ನು ನಿರ್ಮಿಸಲಾಯಿತು, ಎಂಟು ಪಾಠಗಳು. ಸೌಮ್ಯ ಅಥವಾ ಮಧ್ಯಮ ಪ್ರಮಾಣದ ಖಿನ್ನತೆಯೋ ಆತಂಕವೋ ಇದ್ದ 63 ಮಂದಿಯ ಮೇಲೆ ನಡೆದ, 2023ರಲ್ಲಿ ಪ್ರಕಟವಾದ ಆರಂಭಿಕ ಪರೀಕ್ಷೆ ಆಶಾದಾಯಕವಾಗಿತ್ತು. ಅದು ಸ್ಥೂಲಕಾಯದವರಿಗೆಂದೇ ಮಾಡಿದ ಪರೀಕ್ಷೆಯಲ್ಲ, ಸಂಖ್ಯೆಯೂ ಚಿಕ್ಕದು. ಆದಕಾರಣ ಅದರಿಂದ ದೊಡ್ಡ ನಿರ್ಣಯಕ್ಕೆ ಹಾರಲಾಗದು. ಆದರೂ ಯಂತ್ರಕ್ಕೆ ಒಂದು ಗುಣವುಂಟೆಂಬುದನ್ನು ಒಪ್ಪಬೇಕು: ಅದಕ್ಕೆ ಕಣ್ಣಿಲ್ಲ. ಇಂದು ಏನು ತಿಂದಿರಿ ಎಂದು ಅದು ಕೇಳುವಾಗ ಕೇಳಿಸಿಕೊಳ್ಳುವವರ ಮೈಯನ್ನು ಅಡಿಯಿಂದ ಮುಡಿಯವರೆಗೆ ನೋಡುವುದಿಲ್ಲ. ಲಜ್ಜೆಯಿಂದ ವೈದ್ಯರ ಬಳಿಗೆ ಹೋಗುವುದನ್ನೇ ಬಿಟ್ಟವರು ಮೊದಲ ಮಾತನ್ನು ಯಂತ್ರಕ್ಕೆ ಹೇಳಿದರೆ ಅದೂ ಒಂದು ಮುನ್ನಡೆಯೇ.

ಹಾಗೆಂದು ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳಲಾಗದು. 2023ರಲ್ಲಿ ಅಮೆರಿಕದ ರಾಷ್ಟ್ರೀಯ ಆಹಾರಸೇವನಾ ವಿಕಾರಗಳ ಸಂಘ, ಟೆಸ್ಸಾ ಎಂಬ ತನ್ನ ಸಂಭಾಷಣಾಯಂತ್ರವನ್ನು ನಿಲ್ಲಿಸಬೇಕಾಗಿ ಬಂತು. ಊಟದ ವಿಷಯದಲ್ಲಿ ಮನಸ್ಸು ಗಾಯಗೊಂಡವರಿಗೆ ಅದು ಕ್ಯಾಲೊರಿ ಎಣಿಸಿ ತೂಕ ಇಳಿಸುವ ಸಲಹೆಯನ್ನು ಕೊಡತೊಡಗಿತ್ತು. ಒಂದು ರೋಗಕ್ಕೆ ಹಿತವಾದ ಮಾತು ಇನ್ನೊಂದಕ್ಕೆ ವಿಷವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಎರಡು ರೋಗಗಳೂ ಇರುವವರ ಚಿಕಿತ್ಸೆಯಲ್ಲಿ ಎಚ್ಚರ ಇಮ್ಮಡಿಯಾಗಿರಬೇಕು. ಪಿಎಚ್‌ಕ್ಯೂ-9ರ ಕೊನೆಯ ಪ್ರಶ್ನೆ ಸಾವಿನ ಯೋಚನೆಯನ್ನು ಕುರಿತದ್ದು. ಅದಕ್ಕೆ ಹೌದೆಂದು ಉತ್ತರ ಬಂದ ಕ್ಷಣವೇ ಜೀವಂತ ಮನುಷ್ಯರೊಬ್ಬರಿಗೆ ಕರೆ ತಲುಪಿಸದ ಆಪ್, ಉಳಿದ ವಿಷಯಗಳಲ್ಲಿ ಎಷ್ಟೇ ಸೊಗಸಾಗಿರಲಿ, ಚಿಕಿತ್ಸೆಯೆನ್ನಿಸಿಕೊಳ್ಳಲು ಅರ್ಹವಲ್ಲ.

ನಮ್ಮಲ್ಲಿ ಅಂಥ ಮನುಷ್ಯಧ್ವನಿ ಈಗ ದುರ್ಲಭವೇನಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರಸ್ಥಾನದಲ್ಲಿದ್ದು ಮಾರ್ಗದರ್ಶನ ಮಾಡುವ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಯಾರು ಬೇಕಾದರೂ ಕರೆ ಮಾಡಬಹುದು. ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಸಂಭಾಷಣಾಯಂತ್ರಗಳಲ್ಲಿ ಹೆಸರಾದ ವೈಸಾ ಕೂಡ ಬೆಂಗಳೂರಿನಲ್ಲಿಯೇ ಬೆಳೆದದ್ದು. ಆದರೆ ಸ್ಥೂಲಕಾಯ, ಖಿನ್ನತೆ ಎರಡನ್ನೂ ಒಟ್ಟಿಗೆ ಹಿಡಿಯುವ ಸಾಧನವನ್ನು ನಮ್ಮ ಜನಕ್ಕೆ ಮಾಡಬೇಕಾದರೆ ಕ್ಯಾಲಿಫೋರ್ನಿಯದ ಪಾಠವನ್ನು ಹಾಗೆಯೇ ತರ್ಜುಮೆ ಮಾಡಿದರೆ ಸಾಲದು. ಏಷ್ಯಾದವರಲ್ಲಿ ಕಡಮೆ ತೂಕಕ್ಕೇ ಮಧುಮೇಹಾದಿಗಳು ಅಂಟಿಕೊಳ್ಳುವುದರಿಂದ, ಅಲ್ಲಿ 30 ಬಿಎಂಐಗೆ ಸ್ಥೂಲಕಾಯವೆಂದರೆ ನಮ್ಮ ತಜ್ಞರು 25ಕ್ಕೇ ಹಾಗೆನ್ನುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿನ ಹೆಂಗಸು ತನ್ನ ಡಬ್ಬಿಯನ್ನು ತಾನೊಬ್ಬಳೇ ನಿರ್ಧರಿಸುತ್ತಾಳೆ. ಇಲ್ಲಿ ಒಂದೇ ಪಾತ್ರೆಯ ಸಾರು ಮನೆಮಂದಿಗೆಲ್ಲ, ಎಲ್ಲರಿಗೂ ಬಡಿಸಿ ಉಳಿದದ್ದನ್ನು ಚೆಲ್ಲಲಾರದೆ ತಿನ್ನುವವಳು ಗೃಹಿಣಿ. ಅವಳ ಸಮಸ್ಯೆಯನ್ನು ಕಾಗದಕ್ಕಿಳಿಸುವಾಗ ಅತ್ತೆಯೂ ಗಂಡನೂ ಮಕ್ಕಳ ಟಿಫಿನ್ನೂ ಆ ಸಾಲಿನಲ್ಲಿ ಬರಲೇಬೇಕು.

ಇಷ್ಟೆಲ್ಲ ಸಾಧನಗಳು ಸಿದ್ಧವಾಗುವವರೆಗೆ ಕಾಯಬೇಕಾಗಿಲ್ಲದ ಒಂದು ಕೆಲಸವುಂಟು. ಖಿನ್ನತೆಯ ಔಷಧಗಳಲ್ಲಿ ಮಿರ್ಟಜಪೀನ್, ಅಮಿಟ್ರಿಪ್ಟಿಲೀನ್ ಮುಂತಾದ ಕೆಲವು ತೂಕವನ್ನು ಹೆಚ್ಚಿಸುತ್ತವೆ, ಮತ್ತೆ ಕೆಲವು ಅಷ್ಟಾಗಿ ಹೆಚ್ಚಿಸುವುದಿಲ್ಲ. ಬಟ್ಟೆ ಬಿಗಿಯಾಗತೊಡಗಿದುದನ್ನು ಕಂಡು ಗಾಬರಿಗೊಂಡು, ಯಾರಿಗೂ ಹೇಳದೆ ಮಾತ್ರೆಯನ್ನು ನಿಲ್ಲಿಸಿಬಿಡುವವರು ಅನೇಕರು; ಹಾಗೆ ಏಕಾಏಕಿ ನಿಲ್ಲಿಸುವುದು ಅಪಾಯಕರ. ಔಷಧ ಆರಂಭಿಸುವ ದಿನದ ತೂಕವನ್ನು ಒಂದು ಚೀಟಿಯಲ್ಲಿ ಗುರುತಿಸಿಟ್ಟುಕೊಂಡು, ಪ್ರತಿ ಭೇಟಿಯಲ್ಲಿಯೂ ಅದನ್ನು ಮನೋವೈದ್ಯರ ಮೇಜಿನ ಮೇಲಿಟ್ಟು, ತೂಕ ಏರಿಸದ ಬೇರೆ ಔಷಧ ತಮಗೆ ಒಗ್ಗೀತೇ ಎಂದು ಬಾಯಿಬಿಟ್ಟು ಕೇಳುವ ಹಕ್ಕು ಪ್ರತಿಯೊಬ್ಬ ರೋಗಿಗೂ ಇದೆ.